‘ನನಗೆ ಯಾವ ತಲಾಂತೂ ಇಲ್ಲ’ ಅನ್ನುವ ಹುಡುಗನಿಗೆ ಏನು ಹೇಳೋದು?

ಸಂಡೇ ಸ್ಕೂಲಿನಲ್ಲಿ ದೊಡ್ಡ ಮಕ್ಕಳಿಗೆ ಪಾಠ ಮಾಡುವವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು. ಬೈಬಲಿನ ಮತ್ತಾಯ 25ರಲ್ಲಿ ಯೇಸು ಹೇಳಿದ ತಲಾಂತುಗಳ ಸಾಮ್ಯ, ಅಂದರೆ ದೃಷ್ಟಾಂತ ಕಥೆ, ಹೇಳಿ ಮುಗಿಸಿರುತ್ತಾರೆ. ತಲಾಂತು ಅಂದರೆ ಕಥೆಯಲ್ಲಿ ದೊಡ್ಡ ಮೊತ್ತದ ಹಣ, ನಮ್ಮ ಮಾತಿನಲ್ಲಿ ದೇವರು ಕೊಟ್ಟ ಪ್ರತಿಭೆ. ಚೆನ್ನಾಗಿ ಹಾಡುವ ಹುಡುಗಿ, ಗಿಟಾರ್ ನುಡಿಸುವ ಹುಡುಗ ಖುಷಿಯಾಗಿರುತ್ತಾರೆ. ಹಿಂದೆ ಕೂತ ಒಬ್ಬ ಮಾತ್ರ ‘ನನಗೇನೂ ಬರಲ್ಲ’ ಅನ್ನುತ್ತಾನೆ. ‘ನಿನ್ನಲ್ಲೂ ಏನೋ ಒಂದು ಇದ್ದೇ ಇರುತ್ತೆ’ ಅಂತ ನಾವು ಸಮಾಧಾನ ಹೇಳುತ್ತೇವೆ. ಹದಿನೈದು ವರ್ಷದವರು ಅದನ್ನು ನಂಬೋದಿಲ್ಲ.

ನನ್ನ ಉತ್ತರ ಇಷ್ಟು: ಅವನಿಗೆ ತಲಾಂತು ಹುಡುಕಿಕೊಡಲು ಹೋಗಬೇಡಿ. ಮೊದಲು ಯಜಮಾನ ಎಂಥವನು ಅನ್ನೋದನ್ನು ಕಲಿಸಿ.

ಕಥೆಯನ್ನು ನಿಧಾನವಾಗಿ ಓದಿಸಿ. ಯಜಮಾನ ಪರದೇಶಕ್ಕೆ ಹೊರಡುತ್ತಾನೆ. ಒಬ್ಬ ಆಳಿಗೆ ಐದು ತಲಾಂತು, ಇನ್ನೊಬ್ಬನಿಗೆ ಎರಡು, ಮತ್ತೊಬ್ಬನಿಗೆ ಒಂದು. ಒಂದು ತಲಾಂತು ಅಂದರೆ ಕೂಲಿಯವನು ಸುಮಾರು 20 ವರ್ಷ ದುಡಿದರೆ ಸಿಗುವ ಹಣ. ಅಂದರೆ ಕಡಿಮೆ ಸಿಕ್ಕಿದವನ ಕೈಯಲ್ಲೂ ಆಳೊಬ್ಬ ಕನಸಿನಲ್ಲೂ ಕಾಣದಷ್ಟು ದುಡ್ಡಿತ್ತು. ಅವನು ಅದನ್ನು ಹೂತಿಟ್ಟ. ಯಾಕೆ? ಅವನೇ ಹೇಳುತ್ತಾನೆ: ನೀನು ಕಠಿಣ ಮನುಷ್ಯ, ಬಿತ್ತದ ಕಡೆ ಕೊಯ್ಯುವವನು, ಅದಕ್ಕೇ ಹೆದರಿಕೊಂಡೆ. ‘ನನಗೆ ಒಂದೇ ಕೊಟ್ಟೆ’ ಎಂಬ ದೂರು ಅವನ ಬಾಯಲ್ಲಿ ಎಲ್ಲೂ ಇಲ್ಲ. ಅವನನ್ನು ಕಟ್ಟಿಹಾಕಿದ್ದು ಯಜಮಾನನ ಬಗ್ಗೆ ಅವನು ಇಟ್ಟುಕೊಂಡಿದ್ದ ಚಿತ್ರ. ಉಳಿದಿಬ್ಬರು ಯಜಮಾನನನ್ನು ನಂಬಿ ವ್ಯಾಪಾರಕ್ಕೆ ಇಳಿದರು.

ಇನ್ನೊಂದು ವಿಷಯವನ್ನು ಮಕ್ಕಳೇ ಕಂಡುಹಿಡಿಯಲಿ. ಐದು ಗಳಿಸಿದವನಿಗೂ ಎರಡು ಗಳಿಸಿದವನಿಗೂ ಯಜಮಾನ ಹೇಳುವ ಮಾತು ಒಂದೇ. ‘ಭಲಾ’ ಅನ್ನುವಲ್ಲಿಂದ ಹಿಡಿದು ಎರಡು ವಚನಗಳನ್ನೂ ಅಕ್ಕಪಕ್ಕ ಇಟ್ಟು ನೋಡಲಿ. ಸ್ಕೂಲಿನಲ್ಲಿ ದಿನಾ ರ‍್ಯಾಂಕ್ ಲೆಕ್ಕದಲ್ಲೇ ಬದುಕುವವರಿಗೆ ಇದು ಸಣ್ಣ ಸಂಗತಿ ಅಲ್ಲ.

ಸಾಮಾನ್ಯವಾಗಿ ಈ ಪಾಠವನ್ನು ಬೆದರಿಕೆ ಮಾಡಿಬಿಡುತ್ತೇವೆ. ‘ಉಪಯೋಗಿಸದಿದ್ದರೆ ಕಿತ್ತುಕೊಳ್ಳುತ್ತಾನೆ, ಹುಷಾರ್!’ ಮೊದಲೇ ಹೆದರಿ ಹೂತಿಟ್ಟವನನ್ನು ಇನ್ನಷ್ಟು ಹೆದರಿಸಿದರೆ ಅವನು ಇನ್ನೂ ಆಳಕ್ಕೆ ಅಗೆಯುತ್ತಾನೆ ಅಷ್ಟೇ. ಹಾಗಂತ ಹೂತಿಟ್ಟವನನ್ನು ಹೊರಗೆ ತಳ್ಳುವ ಕೊನೆಯ ಭಾಗದ ಕತ್ತಲೆ, ಹಲ್ಲು ಕಡಿಯುವುದು ಇವನ್ನೆಲ್ಲ ಬಿಟ್ಟು ಓದಬೇಡಿ. ಬಿಟ್ಟಿದ್ದು ಅವರಿಗೆ ಗೊತ್ತಾಗುತ್ತದೆ. ‘ವ್ಯಾಪಾರದಲ್ಲಿ ನಷ್ಟ ಆಗಿದ್ದರೆ ಯಜಮಾನ ಏನನ್ನುತ್ತಿದ್ದ?’ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಕಥೆಯಲ್ಲಿ ಉತ್ತರ ಇಲ್ಲ. ಕಥೆಯಲ್ಲಿ ಯಾರಿಗೂ ನಷ್ಟವೇ ಆಗಿಲ್ಲ. ಆದರೆ ‘ಹೋಗಲಿ, ಬಡ್ಡಿಗಾದರೂ ಹಾಕಬಹುದಿತ್ತಲ್ಲ’ ಎನ್ನುವ ಯಜಮಾನ ಪೂರ್ತಿ ಕಲ್ಲು ಮನಸ್ಸಿನವನೇನೂ ಅಲ್ಲ ಅಂತ ನನಗನ್ನಿಸುತ್ತದೆ. ಅವರು ವಾದ ಮಾಡಲಿ, ನೀವು ಸುಮ್ನೆ ಕೂತು ಕೇಳಿ.

ನಂಬಿಕೆಯ ಪಾಠ ಬರೋದು ಇಲ್ಲೇ. ಸಂಶಯ ಬಂದರೆ ನಂಬಿಕೆ ಹೋಯಿತು ಅಂತ ಎಷ್ಟೋ ಮಕ್ಕಳು ಅಂದುಕೊಂಡಿರುತ್ತಾರೆ. ಮಾರ್ಕ 9ರಲ್ಲಿ ಕಾಯಿಲೆಯ ಮಗನನ್ನು ಕರೆತಂದ ತಂದೆಯನ್ನು ತೋರಿಸಿ. ‘ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯಮಾಡು’ ಅಂತ ಒಂದೇ ಉಸಿರಿನಲ್ಲಿ ಕೂಗುತ್ತಾನೆ. ಅವನ ಮಗ ವಾಸಿಯಾದ. ಯೇಸು ಸತ್ತು ಎದ್ದು ಬಂದದ್ದನ್ನು ನಂಬದ ಶಿಷ್ಯ ತೋಮನೂ ಹಾಗೇ. ‘ನೋಡದೆ ನಂಬಲ್ಲ’ ಅಂದ ವಾರದ ಮೇಲೂ ಅವನು ಶಿಷ್ಯರ ಜೊತೆ ಅದೇ ಮನೆಯಲ್ಲಿದ್ದ. ಅವನನ್ನು ಯಾರೂ ಹೊರಗೆ ಹಾಕಿರಲಿಲ್ಲ.

ಇಷ್ಟಾದ ಮೇಲೆ ತಲಾಂತಿನ ಮಾತು. ದೇವರು ಕೊಡುವ ವರಗಳ ಪಟ್ಟಿ ಕೊಟ್ಟು ಟಿಕ್ ಹಾಕಿಸುವ ಪ್ರಶ್ನಾವಳಿಗಳು ನನಗೆ ಅಷ್ಟಾಗಿ ಹಿಡಿಸೋದಿಲ್ಲ. ತಾವು ಹೇಗಿರಬೇಕು ಅಂತ ಆಸೆಯೋ ಅದಕ್ಕೆ ಟಿಕ್ ಹಾಕುತ್ತಾರೆ. ಅದರ ಬದಲು ಸ್ಟೇಜ್ ಹತ್ತದವರ ಕಥೆ ಹೇಳಿ. ವಿಮೋಚನಕಾಂಡ 31ರಲ್ಲಿ ದೇವರ ಆತ್ಮದಿಂದ ತುಂಬಿದವನು ಅಂತ ಹೆಸರು ಹಿಡಿದು ಹೇಳಿರುವ ಬೆಚಲೇಲ ಬಂಗಾರ, ಬೆಳ್ಳಿ, ಕಲ್ಲು, ಮರದ ಕೆಲಸ ಬಲ್ಲವನು. ಅಪೊಸ್ತಲರ ಕೃತ್ಯಗಳು 9ರಲ್ಲಿ ತಬಿಥಾ ಸತ್ತಾಗ ವಿಧವೆಯರು ಅಳುತ್ತಾ ಪೇತ್ರನಿಗೆ ತೋರಿಸಿದ್ದು ಅವಳು ಹೊಲಿದುಕೊಟ್ಟ ಬಟ್ಟೆಗಳನ್ನು. ಆಮೇಲೆ ಒಬ್ಬೊಬ್ಬರೂ ಪಕ್ಕದವರ ಬಗ್ಗೆ ಒಂದು ಸಾಲು ಬರೆಯಲಿ: ಇವನು ಯಾರಿಗಾದರೂ ಉಪಯೋಗವಾದದ್ದನ್ನು ನೀನು ಯಾವಾಗ ನೋಡಿದೆ? ‘ನನಗೇನೂ ಬರಲ್ಲ’ ಅಂದವನ ಹೆಸರಿನ ಕೆಳಗೆ ಬರುವ ಸಾಲು ನಿಮಗೂ ಹೊಸದಾಗಿರಬಹುದು.

ದೇವರು ಒಂದು ಕೆಲಸಕ್ಕೆ ಕರೆಯುವ ಕರೆಯ ವಿಷಯಕ್ಕೆ ಬಂದರೆ, ತಂದೆತಾಯಿಗೆ ಅದು ಕೋರ್ಸ್ ಆಯ್ಕೆ ಥರ ಕಾಣುತ್ತದೆ, ಇಲ್ಲವೇ ಪಾಸ್ಟರ್ ಆಗೋದು ಅಂತ ಭಯ. ಪ್ರವಾದಿ ಆಮೋಸ ಕುರಿ ಕಾಯುತ್ತಿದ್ದವನು, ಅಪೊಸ್ತಲ ಪೌಲ ಗುಡಾರ ಮಾಡಿ ಬದುಕಿದವನು ಅಂತ ಅವರಿಗೂ ನೆನಪಿಸಬೇಕು. ಮಕ್ಕಳಿಗೆ ಮೋಶೆ ಜಾಸ್ತಿ ಹಿಡಿಸುತ್ತಾನೆ, ಯಾಕೆಂದರೆ ದೇವರು ಕರೆದಾಗ ಅವನು ನೆಪದ ಮೇಲೆ ನೆಪ ಹೇಳಿ ಕೊನೆಗೆ ‘ಬೇರೆ ಯಾರನ್ನಾದರೂ ಕಳಿಸು’ ಅಂದುಬಿಡುತ್ತಾನೆ. ದೇವರು ಅವನನ್ನು ಕೇಳಿದ್ದು ‘ನಿನ್ನ ಕೈಯಲ್ಲಿ ಏನಿದೆ?’ ಅಂತ. ಇದ್ದದ್ದು ಒಂದು ಕೋಲು.

ಕಲಿಸುವವರಿಗೆ ಮಾತ್ರ ನಾನು ಬಾಲಕ ಸಮುವೇಲನಿಗಿಂತ ಅವನಿದ್ದ ಆಲಯದ ಯಾಜಕ ಏಲಿಯನ್ನು ನೋಡಿ ಅನ್ನುತ್ತೇನೆ. ರಾತ್ರಿ ದೇವರು ಕರೆದದ್ದನ್ನು ಏಲಿಯೇ ಕರೆದ ಅಂದುಕೊಂಡು ಹುಡುಗ ಮೂರು ಸಲ ಎದ್ದು ಬಂದ. ಮೂರನೇ ಸಲ ಏಲಿಗೆ ಅರ್ಥವಾಯಿತು. ‘ಹೋಗಿ ಮಲಗು, ಮತ್ತೆ ಕರೆದರೆ ಕೇಳುತ್ತಿದ್ದೇನೆ ಅನ್ನು’ ಎಂದು ಕಳಿಸಿದ. ಕರೆ ಏನೆಂದು ತಾನೇ ಊಹಿಸಿ ಹೇಳಲಿಲ್ಲ. ಬೆಳಿಗ್ಗೆ ಹುಡುಗ ಹೇಳಲು ಹೆದರಿದ, ಯಾಕೆಂದರೆ ಕೇಳಿಸಿಕೊಂಡದ್ದು ಏಲಿಯ ಮನೆತನಕ್ಕೆ ಬರುವ ಶಿಕ್ಷೆಯ ಮಾತು. ಒಂದನ್ನೂ ಮುಚ್ಚಿಡಬೇಡ ಅಂತ ಏಲಿ ಒತ್ತಾಯ ಮಾಡಿ ಪೂರ್ತಿ ಕೇಳಿದ. ನಿಮ್ಮ ಕ್ಲಾಸಿನ ಹುಡುಗಿಯೊಬ್ಬಳು ಸಭೆಯ ಹಿರಿಯರ ಬಗ್ಗೆಯೋ ನಿಮ್ಮ ಬಗ್ಗೆಯೋ ನೋವಾಗುವ ಪ್ರಶ್ನೆ ತಂದರೆ, ಅವಳ ಮಾತು ಮುಗಿಯುವವರೆಗೆ ವಚನ ತೆಗೆದು ಉತ್ತರ ಕೊಡಲು ಹೋಗಬೇಡಿ.