ತುಕ್ಕು ಹಿಡಿದ ಹತ್ತರಿ, ಎರಡು ಉಳಿ, ಒಂದು ಗರಗಸ: ಐದು ವಾರಗಳ ಕೆಲಸದ ಟಿಪ್ಪಣಿ

ಮೊದಲ ವಾರ

ಪೆಟ್ಟಿಗೆಯ ತಳದಲ್ಲಿ ವರ್ಷಗಳಿಂದ ಬಿದ್ದಿದ್ದ ಈ ನಾಲ್ಕು ಹತಾರಗಳನ್ನು ಮತ್ತೆ ಕೆಲಸಕ್ಕೆ ತರಬೇಕೆಂದು ನಿಶ್ಚಯಿಸಿ, ಮರವನ್ನು ಹೆರೆದು ನಯಗೊಳಿಸುವ ಕಬ್ಬಿಣದ ಹತ್ತರಿಯಿಂದ ಆರಂಭಿಸಿದೆ. ಅದನ್ನು ಬಿಚ್ಚುವುದರಲ್ಲೇ ವಾರ ಕಳೆಯಿತು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುವುದರಿಂದ ತಿರುಪಿನ ಎಳೆಗಳ ನಡುವೆ ಬೆಣೆ ಹೊಡೆದಂತೆ ಕೂತಿರುತ್ತದೆ. ಎಣ್ಣೆ ಬಿಟ್ಟು ಎರಡು ದಿನ ಕಾದು, ತಿರುಪನ್ನು ಮೊದಲು ಕೂದಲೆಳೆಯಷ್ಟು ಬಿಗಿಮಾಡಿ ಆಮೇಲೆ ಸಡಿಲಿಸಿದಾಗ ಅದು ಅಲುಗಿತು. ಹತ್ತರಿಯ ಒಡಲು ಬೀಡುಕಬ್ಬಿಣದ್ದಾದ್ದರಿಂದ ಸುತ್ತಿಗೆಯ ಪೆಟ್ಟಿಗೆ ಬಾಗದೆ ಸೀಳುತ್ತದೆ. ಇಲ್ಲಿ ತಾಳ್ಮೆಯ ಹೊರತು ಬೇರೆ ದಾರಿಯಿರಲಿಲ್ಲ.

ಎರಡನೆಯ ವಾರ

ಒಡಲನ್ನೂ ಒಂದು ಉಳಿಯನ್ನೂ ವಿದ್ಯುತ್ತಿನಿಂದ, ಹತ್ತರಿಯ ಅಲಗನ್ನೂ ಇನ್ನೊಂದು ಉಳಿಯನ್ನೂ ವಿನೆಗರ್‌ನಿಂದ ಶುಚಿಗೊಳಿಸಿ ಎರಡು ವಿಧಾನಗಳನ್ನು ಹೋಲಿಸಿ ನೋಡುವುದೆಂದುಕೊಂಡೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಪ್ರತಿ 4 ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ ಕರಗಿಸಿ, 12 ವೋಲ್ಟ್ ಬ್ಯಾಟರಿ ಚಾರ್ಜರ್‌ನ ಋಣ ತಂತಿಯನ್ನು ಹತಾರಕ್ಕೂ ಧನ ತಂತಿಯನ್ನು ಬೇಡದ ಕಬ್ಬಿಣದ ತಗಡಿಗೂ ಕಟ್ಟಿದೆ. ತಂತಿಗಳು ಅದಲುಬದಲಾದರೆ ಸವೆಯುವುದು ಹತಾರವೇ. ತಗಡಿನ ಬದಲು ಸ್ಟೇನ್‌ಲೆಸ್ ಸ್ಟೀಲ್ ಬಳಸಿದರೆ ವಿಷಕಾರಿ ಕ್ರೋಮಿಯಂ ನೀರಿಗಿಳಿಯುವ ಅಪಾಯವಿದೆ; ಜೊತೆಗೆ ಬಕೆಟ್ಟಿನಿಂದ ಏಳುವ ಗುಳ್ಳೆಗಳಲ್ಲಿ ಜಲಜನಕ ಇರುವುದರಿಂದ ಕೆಲಸ ಗಾಳಿಯಾಡುವ ಜಾಗದಲ್ಲೇ ನಡೆಯಬೇಕು. ಮರುದಿನ ನೋಡಿದರೆ, ತಗಡಿಗೆ ಎದುರಾಗಿದ್ದ ಮಗ್ಗುಲು ಮಾತ್ರ ಶುಚಿಯಾಗಿ, ಹಿಂಬದಿ ಹೆಚ್ಚುಕಡಿಮೆ ಇದ್ದಂತೆಯೇ ಇತ್ತು. ವಿದ್ಯುತ್ತು ನೇರ ದಾರಿಯನ್ನೇ ಹಿಡಿಯುತ್ತದೆಂದು ಓದಿದ್ದೂ ಮರೆತಿದ್ದೆ. ಸುತ್ತಲೂ ನಾಲ್ಕು ತಗಡು ಇಳಿಬಿಟ್ಟ ಮೇಲೆ ತುಕ್ಕು ಕಪ್ಪು ಮಸಿಯಾಗಿ ಬ್ರಷ್ಷಿಗೆ ಬಂತು.

ಮೂರನೆಯ ವಾರ

ವಿನೆಗರ್‌ನಲ್ಲಿ ಒಂದು ರಾತ್ರಿ ಇಡಬೇಕಾಗಿದ್ದ ಅಲಗನ್ನು ಮರೆತು ಮೂರು ದಿನ ಬಿಟ್ಟೆ. ಆಮ್ಲಕ್ಕೆ ತುಕ್ಕು ಮುಗಿದ ಮೇಲೆ ಉಕ್ಕೂ ಆಹಾರವೇ. ತೆಗೆದಾಗ ಅಲಗು ಮಂಕು ಬೂದುಬಣ್ಣಕ್ಕೆ ತಿರುಗಿತ್ತು. ಅಡುಗೆ ಸೋಡಾದ ನೀರಿನಲ್ಲಿ ಅದ್ದಿ, ತಕ್ಷಣ ಒರಸಿ ಎಣ್ಣೆ ಸವರಿದೆ. ಈ ಹಂತದಲ್ಲಿ ತಡಮಾಡಿದರೆ ಹೊಸ ತುಕ್ಕು ಕಣ್ಣೆದುರಿಗೇ ಏಳುತ್ತದೆ.

ಆದರೆ ಈ ತಪ್ಪಿನಿಂದಲೇ ಗೊತ್ತಾದ ಸಂಗತಿಯೊಂದಿದೆ. ಅಲಗಿನ ಅಂಚಿನುದ್ದಕ್ಕೂ, ಮೇಲೆ ತಿಳಿಬೂದಿ, ಕೆಳಗೆ ಗಾಢಬೂದಿ ಎಂಬಂತೆ ಎರಡು ಪದರಗಳು ಸ್ಪಷ್ಟವಾಗಿ ಕಂಡವು. ಹಿಂದೆ ಅನೇಕ ಅಲಗುಗಳನ್ನು ಪೂರ್ತಿ ಗಟ್ಟಿ ಉಕ್ಕಿನಿಂದ ಮಾಡದೆ, ಮೆತ್ತನೆಯ ಕಬ್ಬಿಣದ ಪಟ್ಟಿಗೆ ಗಟ್ಟಿ ಉಕ್ಕಿನ ತೆಳು ಹಾಳೆಯನ್ನು ಬೆಸೆದು ಮಾಡುತ್ತಿದ್ದರು. ಇಂಗಾಲ ಹೆಚ್ಚಿರುವ ಉಕ್ಕು ಆಮ್ಲದಲ್ಲಿ ಹೆಚ್ಚು ಕಪ್ಪಾಗುತ್ತದೆ. ನನ್ನ ಅಲಗಿನಲ್ಲಿ ಆ ಹಾಳೆಯ ದಪ್ಪ ಒಂದು ಮಿಲಿಮೀಟರಿಗಿಂತ ಕಡಿಮೆ.

ನಾಲ್ಕನೆಯ ವಾರ

ನಿಜವಾದ ತೊಡಕು ಇಲ್ಲಿಯೇ ಎದುರಾಯಿತು. ಬಾಯಿ ಹರಿತವಾಗಲು ಇಳಿಜಾರು ಮುಖವೂ ಹಿಂಬದಿಯೂ ನಯವಾಗಿ ಸಂಧಿಸಬೇಕು. ಹಿಂಬದಿಯಲ್ಲಿ ತುಕ್ಕು ಕೊರೆದ ಒಂದು ಕುಳಿ ಬಾಯಿಯನ್ನು ಮುಟ್ಟಿದರೂ ಅಲ್ಲೊಂದು ಸೀಳು ಉಳಿದು, ಮರದ ಮೇಲೆ ಪ್ರತಿ ಎಳೆತಕ್ಕೂ ಒಂದು ಗೆರೆ ಏಳುತ್ತದೆ. ಕುಳಿಗಳು ಮಾಯವಾಗುವವರೆಗೂ ಹಿಂಬದಿಯನ್ನು ಉಜ್ಜುವುದು ನನ್ನ ಮೂಲ ಯೋಜನೆಯಾಗಿತ್ತು. ಗಟ್ಟಿ ಉಕ್ಕು ಇರುವುದೇ ಆ ಬದಿಯಲ್ಲಿ, ಅದೂ ಅಷ್ಟು ತೆಳುವಾಗಿ ಎಂದು ತಿಳಿದ ಮೇಲೆ ಆ ಯೋಜನೆ ಕೈಬಿಟ್ಟೆ. ಆಳವಾದ ಕುಳಿಗಳೆಲ್ಲ ಬಾಯಿಯಿಂದ 4 ಮಿಲಿಮೀಟರ್ ಒಳಗೇ ಇದ್ದುದರಿಂದ, ಹಿಂಬದಿಯನ್ನು ಸವೆಸುವ ಬದಲು ಅಲಗಿನ ಉದ್ದವನ್ನೇ ಅಷ್ಟು ಕಡಿಮೆ ಮಾಡಿದೆ. ಸಾಣೆಚಕ್ರದಲ್ಲಿ ಎರಡೆರಡು ಸೆಕೆಂಡು ಮಾತ್ರ ಹಿಡಿದು ನೀರಿಗದ್ದುತ್ತ ಸಾಗಿದ್ದರಿಂದ ಇಡೀ ಮಧ್ಯಾಹ್ನ ಹೋಯಿತು. ಅಂಚು ಸುಮಾರು 300 ಡಿಗ್ರಿ ಸೆಲ್ಸಿಯಸ್ ತಲುಪಿ ನೀಲಿಯಾದರೆ ಉಕ್ಕಿನ ಹದ ಕೆಟ್ಟು, ಆ ಭಾಗ ಎಷ್ಟು ಮಸೆದರೂ ಬಾಯಿ ನಿಲ್ಲಿಸುವುದಿಲ್ಲ.

ಆಮೇಲೆ 25 ಡಿಗ್ರಿಯ ಇಳಿಜಾರು, ತುದಿಯಲ್ಲಿ 30 ಡಿಗ್ರಿಯ ಸಣ್ಣದೊಂದು ಅಂಚು, 1000 ಮತ್ತು 6000 ಸಂಖ್ಯೆಯ ಸಾಣೆಕಲ್ಲುಗಳು (ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನಯ). ಉಳಿಗಳಿಗೂ ಇದೇ ಕ್ರಮ. ಅವುಗಳ ಹಿಂಬದಿಯನ್ನು ಬಾಯಿಯ ಬಳಿಯ 25 ಮಿಲಿಮೀಟರ್ ಮಾತ್ರ ನಯಗೊಳಿಸಿ, ಉಳಿದ ಕಡೆ ಕಲೆಗಳನ್ನು ಹಾಗೆಯೇ ಬಿಟ್ಟೆ. ಕನ್ನಡಿಯಂತೆ ಹೊಳೆಯಿಸುವ ಗೀಳು ನನಗೂ ಇತ್ತು. ಈಗ ಅದರಲ್ಲಿ ಅರ್ಥ ಕಾಣುತ್ತಿಲ್ಲ.

ಐದನೆಯ ವಾರ

ಹತ್ತರಿಯ ತಳವನ್ನು ದಪ್ಪ ಗಾಜಿನ ಮೇಲೆ ಅಂಟಿಸಿದ 80ರ ಉಪ್ಪುಕಾಗದದ ಮೇಲೆ ಉಜ್ಜಿದೆ. ಅಲಗನ್ನು ಒಳಗೆ ಸರಿಸಿ ಬಿಗಿದೇ ಉಜ್ಜಬೇಕು, ಏಕೆಂದರೆ ಆ ಬಿಗಿತಕ್ಕೆ ತಳ ತುಸುವಾದರೂ ಬಾಗುತ್ತದೆ. ತಳಕ್ಕೆ ಮಾರ್ಕರ್‌ನಿಂದ ಎಳೆದ ಗೆರೆಗಳಲ್ಲಿ, ಅಲಗು ಹೊರಚಾಚುವ ಕಂಡಿಯ ಮುಂದಿನವು ಕೊನೆಯವರೆಗೂ ಅಳಿಯಲಿಲ್ಲ. ಅಲ್ಲಿಯೇ ತಗ್ಗು ಇತ್ತು. ಹಿಡಿಗಳಿಗೆ ಅಗಸೆ ಎಣ್ಣೆ ಹಚ್ಚಿ, ಒರಸಿದ ಬಟ್ಟೆಯನ್ನು ಮುದ್ದೆ ಮಾಡದೆ ಬಯಲಿನಲ್ಲಿ ಹರಡಿ ಒಣಗಿಸಿದೆ, ಏಕೆಂದರೆ ಮುದ್ದೆಯಾಗಿ ಬಿಟ್ಟರೆ ಅದು ತಾನಾಗಿ ಹೊತ್ತಿಕೊಳ್ಳಬಲ್ಲದು.

ನಿನ್ನೆ ಸಂಜೆ ಹತ್ತರಿಯಿಂದ ಗೆರೆಯಿಲ್ಲದ, ಅಲಗಿನಷ್ಟೇ ಅಗಲದ ಸುರುಳಿ ಬಂತು. ಗರಗಸ ಇನ್ನೂ ಬಾಕಿ. ಅದರ ಹಲ್ಲುಗಳಿಗೆ ಮುಮ್ಮೂಲೆ ಅರ ಹಿಡಿಯುವ ಮೊದಲು ಬಾಗಿದ ತಗಡನ್ನು ನೇರ ಮಾಡಬೇಕಿದೆ.