ಬಿ ಅಂಡ್ ಓ 4500 ಮಾದರಿ: ಪಂಪು, ಪೈಪು, ಸೇಫ್ಟಿ ವಾಲ್ವ್

ಎಚ್‌ಓ ಸ್ಕೇಲಿನ, ಅಂದರೆ 1:87.1ರ, ರೈಲು ಮಾದರಿಯ ಬಾಯ್ಲರ್ ಈಗ ಬೋಳಾಗಿ ನಿಂತಿದೆ. ಅಮೆರಿಕದ ಬಾಲ್ಟಿಮೋರ್ ಅಂಡ್ ಓಹಾಯೋ (ಬಿ ಅಂಡ್ ಓ) ರೈಲು ಕಂಪನಿಯ 4500ನೇ ನಂಬರಿನ ಉಗಿ ಇಂಜಿನ್ನಿನ ಮಾದರಿ ಇದು. ಎರಕದಲ್ಲೇ ಉಬ್ಬಾಗಿ ಮೂಡಿದ್ದ ಪೈಪು, ಹ್ಯಾಂಡ್‌ರೇಲ್, ಬಾಯ್ಲರಿಗೆ ನೀರು ನುಗ್ಗಿಸುವ ಇಂಜೆಕ್ಟರ್‌ಗಳನ್ನೆಲ್ಲ ಕೆರೆದು, 400ರ ಸ್ಯಾಂಡ್‌ಪೇಪರಿನಿಂದ ನಯಮಾಡಿದ್ದಾಗಿದೆ. ಇನ್ನು ಒಂದೊಂದೇ ಬಿಡಿಭಾಗವನ್ನು ಅಳೆದು ಕೂರಿಸುವ ಕೆಲಸ.

ಅಸಲಿ ಇಂಜಿನ್ 1918ರ ಜುಲೈನಲ್ಲಿ ಬಾಲ್ಡ್‌ವಿನ್ ಕಾರ್ಖಾನೆಯಿಂದ ಹೊರಬಂತು. ಯುಎಸ್‌ಆರ್‌ಎ, ಅಂದರೆ ಆಗ ಅಮೆರಿಕದ ರೈಲುಗಳನ್ನು ನಡೆಸುತ್ತಿದ್ದ ಸರ್ಕಾರಿ ಆಡಳಿತ, ಮಾಡಿಸಿದ ವಿನ್ಯಾಸದ 2-8-2 (ಮುಂದೆ 2, ನಡುವೆ 8 ದೊಡ್ಡ, ಹಿಂದೆ 2 ಚಕ್ರ) ಲೈಟ್ ಮಿಕಾಡೋ ಇಂಜಿನ್‌ಗಳಲ್ಲಿ ಇದೇ ಮೊದಲನೆಯದು, ಬಾಲ್ಟಿಮೋರ್‌ನ ರೈಲು ಮ್ಯೂಸಿಯಂನಲ್ಲಿ ಇವತ್ತಿಗೂ ಇದೆ. ಹಾಗೆಂದು ಮ್ಯೂಸಿಯಂ ಫೋಟೋ ನೋಡಿಕೊಂಡು 1920ರ ದಶಕದ ಮಾದರಿ ಮಾಡಿದರೆ ತಪ್ಪುತ್ತದೆ. ಉಳಿದುಬಂದ ಇಂಜಿನ್ ತೋರಿಸುವುದು ತನ್ನ ಕೊನೆಯ ದಿನಗಳ ರೂಪವನ್ನು. ನಡುವೆ ವರ್ಕ್‌ಶಾಪಿಗೆ ಹೋದಾಗಲೆಲ್ಲ ಹೆಡ್‌ಲೈಟೋ ಪಂಪೋ ಪೈಪಿನ ಹಾದಿಯೋ ಬದಲಾಗಿರಬಹುದು. ಮೊದಲು ವರ್ಷ ಗೊತ್ತುಮಾಡಿಕೊಂಡು, ಆ ವರ್ಷದ ಆಸುಪಾಸಿನ ಎಡ, ಬಲ ಎರಡೂ ಬದಿಯ ಫೋಟೋ ಹುಡುಕಬೇಕು. ಬಿಡಿಭಾಗ ಕೊಳ್ಳುವುದು ಆಮೇಲೆ.

ಫೋಟೋದಿಂದ ಅಳತೆ ತೆಗೆಯಲು ದೊಡ್ಡ ಚಕ್ರವೇ ಒಳ್ಳೆಯ ಮಾನದಂಡ: 63 ಇಂಚು, ಮಾದರಿಯಲ್ಲಿ 18.4 ಮಿ.ಮೀ. ಆದರೆ ಒಂದು ಎಚ್ಚರಿಕೆ. ಗಂಟೆ, ಡೋಮ್ (ಬಾಯ್ಲರಿನ ಮೇಲಿನ ಗುಮ್ಮಟ), ಸೇಫ್ಟಿ ವಾಲ್ವ್ ಇವೆಲ್ಲ ಇಂಜಿನ್ನಿನ ನಡುಗೆರೆಯ ಮೇಲಿರುತ್ತವೆ, ಚಕ್ರದ ಹೊರಮುಖಕ್ಕಿಂತ ಸುಮಾರು 0.8 ಮೀಟರ್ ಹಿಂದೆ. ಕ್ಯಾಮೆರಾ ಚಕ್ರದಿಂದ 10 ಮೀಟರ್ ದೂರದಲ್ಲಿದ್ದರೆ ಅವು ಶೇಕಡಾ ಏಳೆಂಟರಷ್ಟು ಚಿಕ್ಕದಾಗಿ ಕಾಣುತ್ತವೆ. ಇದನ್ನು ಸರಿಪಡಿಸದೆ ಗಂಟೆ ಆರಿಸಿದರೆ, ಕೂರಿಸಿದ ಮೇಲೆ ಅದು ಸೊರಗಿದಂತಿರುತ್ತದೆ.

ಪೈಪಿನ ತಂತಿಯಲ್ಲಿ ಆಗುವ ತಪ್ಪು ಇನ್ನೊಂದು ಬಗೆಯದು. ನಕ್ಷೆಯಲ್ಲಿ 2 ಇಂಚಿನ ಪೈಪು ಎಂದಿದ್ದರೆ ಅದು ಹೆಸರಿಗೆ ಮಾತ್ರ, ಹೊರವ್ಯಾಸ 2.375 ಇಂಚು ಇರುತ್ತದೆ. ಆದ್ದರಿಂದ ಬೇಕಾದದ್ದು 0.58 ಅಲ್ಲ, 0.7 ಮಿ.ಮೀ. ತಂತಿ. 1¼ ಇಂಚಿನ ಪೈಪಿಗೆ 0.48 ಬರುತ್ತದೆ, 0.5ರ ತಂತಿ ಸಾಕು. 1 ಇಂಚಿಗೆ 0.38, ಅರ್ಧ ಇಂಚಿಗೆ 0.25. ಈ ನಾಲ್ಕು ದಪ್ಪಗಳು ಕೈಯಲ್ಲಿದ್ದರೆ ಬಾಯ್ಲರಿನ ಬಹುಪಾಲು ಪೈಪು ಮುಗಿಯುತ್ತದೆ. ಎಲ್ಲಕ್ಕೂ ಒಂದೇ ದಪ್ಪದ ತಂತಿ ಬಳಸಿದ ಮಾದರಿಯನ್ನು ದೂರದಿಂದಲೇ ಗುರುತಿಸಬಹುದು. ನೇರವಾಗಿ ಉದ್ದಕ್ಕೆ ಹೋಗುವ ಹ್ಯಾಂಡ್‌ರೇಲಿಗೆ ಫಾಸ್ಫರ್ ಬ್ರಾಂಜ್ ಒಳ್ಳೆಯದು, ಕೈ ತಗುಲಿದರೂ ಬಾಗುವುದಿಲ್ಲ. ಸುತ್ತಿ ಬಳಸಿ ಹೋಗುವ ಪೈಪಿಗೆ ಕಾಯಿಸಿ ಮೆದುಮಾಡಿದ ಹಿತ್ತಾಳೆ.

ಈ ಹಂತದಲ್ಲಿ ಹೆಚ್ಚು ಸಮಯ ಹಿಡಿದದ್ದು ಬ್ರೇಕಿಗೆ ಗಾಳಿ ಒತ್ತುವ ಏರ್ ಪಂಪು. ವೆಸ್ಟಿಂಗ್‌ಹೌಸ್ 8½ ಇಂಚಿನ ಕ್ರಾಸ್ ಕಾಂಪೌಂಡ್ ಪಂಪಿನಲ್ಲಿ ಮೇಲೆ ಎರಡು ಉಗಿ ಸಿಲಿಂಡರ್, ಕೆಳಗೆ ಎರಡು ಗಾಳಿ ಸಿಲಿಂಡರ್. 8½ ಇಂಚಿನ ಉಗಿ ಸಿಲಿಂಡರಿನ ಕೆಳಗೆ 14½ ಇಂಚಿನ ಗಾಳಿ ಸಿಲಿಂಡರ್, 14½ ಇಂಚಿನ ಉಗಿ ಸಿಲಿಂಡರಿನ ಕೆಳಗೆ 9 ಇಂಚಿನ ಗಾಳಿ ಸಿಲಿಂಡರ್. ಹೀಗೆ ದಪ್ಪ, ಸಣ್ಣ ಮೂಲೆಯಿಂದ ಮೂಲೆಗೆ ಎದುರಾಗಿರಬೇಕು. ನಾಲ್ಕೂ ಒಂದೇ ಗಾತ್ರ ಕಂಡರೆ ಆ ಎರಕ ಬೇಡ. ಉಗಿ ಸಿಲಿಂಡರಿಗೆ ಶಾಖ ತಡೆಯುವ ನುಣುಪು ಹೊದಿಕೆ, ಗಾಳಿ ಸಿಲಿಂಡರಿಗೆ ತಣಿಸುವ ಏಣುಗಳು. 14½ ಇಂಚು ಎಂದರೆ ಮಾದರಿಯಲ್ಲಿ 4.2 ಮಿ.ಮೀ. ಇದು ಒಳವ್ಯಾಸ, ಗೋಡೆ ಮತ್ತು ಹೊದಿಕೆ ಸೇರಿ ಎರಕ ಇದಕ್ಕಿಂತ ದಪ್ಪವೇ ಇರಬೇಕು. ಕ್ಯಾಲಿಪರ್ ಇಟ್ಟಾಗ 4.2 ಅಥವಾ ಅದಕ್ಕೂ ಕಡಿಮೆ ತೋರಿದರೆ ಅಚ್ಚು ಮಾಡುವಾಗ ರಬ್ಬರೂ ಲೋಹವೂ ಕುಗ್ಗುವುದನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂದರ್ಥ.

ಮೇಣದಚ್ಚಿನ ಹಿತ್ತಾಳೆ ಎರಕವನ್ನು ಕಾಂಡದಿಂದ (ಎರಕ ಹೊಯ್ದ ದಾರಿಯಲ್ಲಿ ಉಳಿದ ಲೋಹದ ಕಡ್ಡಿಯಿಂದ) ಬೇರ್ಪಡಿಸಲು ಕಟಿಂಗ್ ಪ್ಲೈಯರ್ ಬೇಡ. ಅದು ಕತ್ತರಿಸುವ ಬದಲು ಹಿಸುಕುತ್ತದೆ, ಸಣ್ಣ ಕುತ್ತಿಗೆ ಬಾಗುತ್ತದೆ. ಅಕ್ಕಸಾಲಿಗರ ಗರಗಸದಿಂದ ಕೊಯ್ದು, ಉಳಿದದ್ದನ್ನು ಅರದಿಂದ ಉಜ್ಜಬೇಕು.

ಪ್ರತಿ ಎರಕದ ಬೆನ್ನಿಗೆ 0.5 ಮಿ.ಮೀ. ರಂಧ್ರ ಕೊರೆದು ತಂತಿಯ ಪಿನ್ ಬೆಸೆದಿದೆ. ಬಾಯ್ಲರ್ ಸತುವಿನ ಮಿಶ್ರಲೋಹದ್ದಾದ್ದರಿಂದ ಅದರ ಮೇಲೆ ಬೆಸುಗೆ ಹಾಕುವಂತಿಲ್ಲ. ಬರಿಯ ಅಂಟು ಒಂದು ದಿನ ಬಿಟ್ಟೇಬಿಡುತ್ತದೆ, ಪಿನ್ ಇದ್ದರೆ ಭಾರ ಅದರ ಮೇಲೆ ಬೀಳುತ್ತದೆ. ಕೊರೆಯುವಾಗ ಡ್ರಿಲ್ ಬಿಟ್ ಹಿತ್ತಾಳೆಯನ್ನು ಕಚ್ಚಿ ಒಳಗೆ ಎಳೆದುಕೊಳ್ಳುತ್ತದೆ, ಮುರಿಯುವುದು ಆಗಲೇ. ಬಿಟ್ಟಿನ ಎರಡೂ ಅಲಗನ್ನು ಸಾಣೆಕಲ್ಲಿಗೆ ಒಂದೊಂದು ಸಲ ಸೋಕಿಸಿ ಕಚ್ಚುವ ಕೋನ ತೆಗೆದರೆ ಎಳೆತ ನಿಲ್ಲುತ್ತದೆ. ಆದರೂ ಎರಡು ಬಿಟ್ ಒಳಗೇ ಮುರಿದವು. ಇದಕ್ಕೆ ಪಟಿಕವೇ ಮದ್ದು: ಗಾಜಿನ ಪಾತ್ರೆಯಲ್ಲಿ ಬಿಸಿನೀರಿಗೆ ಕರಗುವಷ್ಟೂ ಪಟಿಕ ಹಾಕಿ, ಎರಕವನ್ನು ಮುಳುಗಿಸಿ ಬೆಚ್ಚಗೆ ಇಟ್ಟರೆ ಕೆಲವು ಗಂಟೆಗಳಲ್ಲಿ ಉಕ್ಕು ಕರಗಿಹೋಗುತ್ತದೆ, ಹಿತ್ತಾಳೆಗೆ ಏನೂ ಆಗುವುದಿಲ್ಲ. ಕಬ್ಬಿಣ, ಅಲ್ಯೂಮಿನಿಯಂ ಪಾತ್ರೆ ಮಾತ್ರ ಬೇಡ. ಈ ಒಂದು ಉಪಾಯದಿಂದ ಎರಡು ಒಳ್ಳೆಯ ಎರಕಗಳು ಉಳಿದವು.

ಸೇಫ್ಟಿ ವಾಲ್ವ್‌ಗಳನ್ನು ಕೊಳ್ಳದೆ 1.6 ಮಿ.ಮೀ. ಹಿತ್ತಾಳೆ ರಾಡಿನಿಂದ ಪುಟ್ಟ ಲೇತಿನಲ್ಲಿ ಕಡೆದಿದ್ದು. ಚಕ್‌ನಿಂದ ರಾಡ್ 6 ಮಿ.ಮೀ.ಗಿಂತ ಹೆಚ್ಚು ಹೊರಚಾಚಬಾರದು. ಮೊದಲು ತಲೆ, ಆಮೇಲೆ ಒಡಲು, ಕೊನೆಗೆ 0.8 ಮಿ.ಮೀ. ದಪ್ಪ, 2 ಮಿ.ಮೀ. ಉದ್ದದ ಕಾಲು. ಕಾಲನ್ನು ಮೊದಲೇ ತೆಳುಮಾಡಿದರೆ ತಲೆ ಕಡೆಯುವಾಗ ಅಲುಗಾಡಿ ಮುರಿಯುತ್ತದೆ. ಒಂದು ಸಲಕ್ಕೆ 0.1 ಮಿ.ಮೀ.ಗಿಂತ ಹೆಚ್ಚು ತೆಗೆಯದೆ ಆರು ಮಾಡಿ, ಒಂದೇ ಸಮ ಇದ್ದವನ್ನು ಆರಿಸಿಕೊಂಡದ್ದು.

ವೈಟ್ ಮೆಟಲ್, ಅಂದರೆ ಕಡಿಮೆ ಶಾಖಕ್ಕೇ ಕರಗುವ ಮೆದು ಮಿಶ್ರಲೋಹದ ಗಂಟೆಯನ್ನು ಹಿತ್ತಾಳೆಯ ಪೀಠಕ್ಕೆ ಕೂರಿಸಲು 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಬೆಸುಗೆ ಬೇಕು. ಅದು ಹಿತ್ತಾಳೆಗೆ ನೇರವಾಗಿ ಹಿಡಿಯುವುದಿಲ್ಲ. ಪೀಠಕ್ಕೆ ಮೊದಲು ಮಾಮೂಲಿ 183 ಡಿಗ್ರಿಯ ಬೆಸುಗೆಯನ್ನು ತೆಳುವಾಗಿ ಸವರಿ, ತಣಿದ ಮೇಲೆ ಗಂಟೆ ಇಟ್ಟು ಕಡಿಮೆ ಶಾಖದಲ್ಲಿ ಬೆಸೆಯಬೇಕು.

ಉಗಿಯಿಂದ ವಿದ್ಯುತ್ ಮಾಡುವ ಟರ್ಬೋ ಜನರೇಟರ್ ಒಂದು ಮಾತ್ರ 3ಡಿ ಪ್ರಿಂಟರಿನಲ್ಲಿ ರೆಸಿನ್‌ನಿಂದ ಮುದ್ರಿಸಿದ್ದು. ಅದರ ಉಗಿ ಪೈಪಿನ ರಂಧ್ರವನ್ನು ಯುವಿ ಬೆಳಕಿಗೆ ಕೊನೆಯ ಬಾರಿ ಹಿಡಿಯುವ ಮುಂಚೆಯೇ ಕೊರೆಯಬೇಕು, ಪೂರ್ತಿ ಗಟ್ಟಿಯಾದ ರೆಸಿನ್ ಬಿಟ್ ತಾಗಿದರೆ ಸಿಡಿಯುತ್ತದೆ. ಜೊತೆಗೇ ಮುದ್ರಿಸಿದ್ದ ತೆಳು ಪೈಪನ್ನು ಕತ್ತರಿಸಿ 0.38ರ ತಂತಿ ಹಾಕಿದೆ. ಅಷ್ಟು ತೆಳುವಾದ ರೆಸಿನ್ ಬಾಳುವುದಿಲ್ಲ.

ಪಂಪು, ಗಂಟೆ, ಜನರೇಟರ್, ಬಲಬದಿಯ ಇಂಜೆಕ್ಟರ್ ಕೂತಾಗಿವೆ. ಬಾಯ್ಲರಿಗೆ ಹೋದ ನೀರು ಹಿಂದಿರುಗದಂತೆ ತಡೆಯುವ ಎಡಬದಿಯ ಚೆಕ್ ವಾಲ್ವಿನ ರಂಧ್ರ ಇನ್ನೂ ಕೊರೆದಿಲ್ಲ. ಕೈಯಲ್ಲಿರುವ ಎರಡು ಫೋಟೋಗಳಲ್ಲಿ ಅದರ ಜಾಗ ಒಂದು ಬಾಯ್ಲರ್ ಪಟ್ಟಿಯಷ್ಟು ವ್ಯತ್ಯಾಸವಿದೆ. ಮೂರನೆಯ ಫೋಟೋ ಸಿಗುವವರೆಗೆ ಅಲ್ಲಿ ಪೆನ್ಸಿಲ್ ಗುರುತು ಮಾತ್ರ.