ದೊಡ್ಡಬಳ್ಳಾಪುರದ ವೈನಿಗೆ ಹಿದುಕವರೆ ಸಾರು

ದೊಡ್ಡಬಳ್ಳಾಪುರದಿಂದ ದೇವನಹಳ್ಳಿಗೆ ಹೋಗುವ ದಾರಿಯಲ್ಲಿ ರಘುನಾಥಪುರ ಸಿಗುತ್ತದೆ. ಗ್ರೋವರ್ ಜಂಪಾ ಕಂಪನಿಯ ದ್ರಾಕ್ಷಿತೋಟ ಮತ್ತು ವೈನರಿ ಇರುವುದು ಇಲ್ಲೇ. ನಾನು, ನನ್ನ ಹೆಂಡತಿ ಮತ್ತು ಇದೇ ತಾಲ್ಲೂಕಿನವನಾದ ನನ್ನ ಗೆಳೆಯ, ಮೂವರೂ ಒಂದು ಭಾನುವಾರ ಬೆಳಿಗ್ಗೆ ಬೆಂಗಳೂರು ಬಿಟ್ಟೆವು. ಫೆಬ್ರವರಿಯನ್ನು ಬೇಕಂತಲೇ ಆರಿಸಿದ್ದೆವು. ಕೊಯ್ಲಿನ ಕಾಲ ಅದು. ಬೇರೆ ತಿಂಗಳಲ್ಲಿ ಹೋದರೂ ಗ್ಲಾಸಿನಲ್ಲಿ ವೈನ್ ಸಿಗುತ್ತದೆ, ಆದರೆ ಬಳ್ಳಿಯಲ್ಲಿ ಹಣ್ಣು ನೋಡಬೇಕಲ್ವಾ?

ತೋಟದೊಳಗೆ ಕಾಲಿಟ್ಟ ಕೂಡಲೇ ಗೆಳೆಯ ಹೇಳಿದ, 'ನೋಡು, ಚಪ್ಪರನೇ ಇಲ್ಲ.' ನಮ್ಮ ಕಡೆ ತಿನ್ನುವ ದ್ರಾಕ್ಷಿಯನ್ನು ಕಲ್ಲುಕಂಬ ನೆಟ್ಟು, ತಂತಿ ಎಳೆದು, ತಲೆಯ ಮೇಲೆ ಚಪ್ಪರದ ಹಾಗೆ ಹಬ್ಬಿಸುತ್ತಾರೆ. ಇಲ್ಲಿ ಬಳ್ಳಿಗಳು ಬೇಲಿಯಂತೆ ಸಾಲಾಗಿ ನಿಂತಿವೆ. ಕೆಂಪು ಮಣ್ಣು, ಬುಡಕ್ಕೆ ಡ್ರಿಪ್ ಪೈಪು. ಕೆಂಪು ವೈನಿನ ತಳಿಯಾದ ಶಿರಾಜ್ ಗೊಂಚಲಿನಿಂದ ಒಂದು ಹಣ್ಣು ಬಾಯಿಗೆ ಹಾಕಿಕೊಂಡೆ. ಪುಟ್ಟ ಹಣ್ಣು, ದಪ್ಪ ಸಿಪ್ಪೆ, ಬೀಜವೇ ಜಾಸ್ತಿ. ಸಿಹಿ ಮಾತ್ರ ಜೋರು. ಕೆಂಪು ವೈನಿನ ಬಣ್ಣ, ಒಗರು ಎಲ್ಲ ಬರುವುದು ಈ ಸಿಪ್ಪೆಯಿಂದಲೇ. ಒಳಗಿನ ರಸಕ್ಕೆ ಬಣ್ಣವೇ ಇಲ್ಲ.

ಈ ಕಂಪನಿ ಕಟ್ಟಿದ ಕಂವಲ್ ಗ್ರೋವರ್ ಇಲ್ಲಿ ಫ್ರೆಂಚ್ ತಳಿಗಳನ್ನು ಬೆಳೆಸಲು ಹೊರಟಿದ್ದು 1980ರ ದಶಕದಲ್ಲಿ. ಯುರೋಪಿನ ಹೆಸರುವಾಸಿ ತೋಟಗಳೆಲ್ಲ ಸಮಭಾಜಕದಿಂದ ಬಹಳ ದೂರ. ದೊಡ್ಡಬಳ್ಳಾಪುರ ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಅಲ್ಲಿ ಚಳಿಗಾಲ ಬಂದರೆ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ. ಇಲ್ಲಿ ಮಲಗುವುದೇ ಇಲ್ಲ. ಅದಕ್ಕೆ ವರ್ಷಕ್ಕೆ ಎರಡು ಸಲ ಕತ್ತರಿ ಹಾಕುತ್ತಾರೆ. ಕೊಯ್ಲು ಮುಗಿದ ಮೇಲೆ ಏಪ್ರಿಲ್ ಹೊತ್ತಿಗೆ ಒಮ್ಮೆ, ಹೊಸ ಕಡ್ಡಿ ಬರಲಿ ಅಂತ. ಮಳೆಗಾಲ ಇಳಿಯುವಾಗ ಇನ್ನೊಮ್ಮೆ, ಹಣ್ಣಿಗೆ. ಎರಡು ಸಲ ಕತ್ತರಿಸಿದರೂ ಬೆಳೆ ಒಂದೇ. ಹಾಗಾಗಿ ಹಣ್ಣು ಮಾಗುವುದು ಮಳೆಯಿಲ್ಲದ ದಿನಗಳಲ್ಲಿ. ಹಗಲು ಬಿಸಿಲಿಗೆ ಸಕ್ಕರೆ ಕೂಡುತ್ತದೆ, ಈ ಎತ್ತರದ ತಣ್ಣನೆ ರಾತ್ರಿಗೆ ಹುಳಿ ಉಳಿಯುತ್ತದೆ. ಈ ಲೆಕ್ಕಾಚಾರ ಕೇಳಿ ನನಗೆ ನಿಜಕ್ಕೂ ಖುಷಿಯಾಯಿತು. ನಮ್ಮ ಹವಾಮಾನವನ್ನು ಅರಿತು ಬಳ್ಳಿಯ ವರ್ಷವನ್ನೇ ತಿರುಗಿಸಿಕೊಂಡಿದ್ದಾರೆ.

ಒಳಗೆ ಸ್ಟೀಲ್ ಟ್ಯಾಂಕುಗಳು, ಆಮೇಲೆ ಓಕ್ ಪೀಪಾಯಿಗಳ ಕೋಣೆ. ಕೊನೆಗೆ ಟೇಸ್ಟಿಂಗ್. ಗ್ಲಾಸ್ ತಿರುಗಿಸಿ, ಮೂಸಿ, ಸ್ವಲ್ಪ ಬಾಯಲ್ಲಿ ಆಡಿಸಿ ಅಂದರು. ಸೋವಿನ್ಯೋನ್ ಬ್ಲಾಂಕ್ ಅನ್ನುವ ಬಿಳಿ ವೈನಿನಲ್ಲಿ ನನಗೆ ಸೀಬೆಕಾಯಿ ವಾಸನೆ ಸಿಕ್ಕಿತು, ಹೆಂಡತಿಗೆ ಆಗಷ್ಟೇ ಕತ್ತರಿಸಿದ ದೊಣ್ಣೆಮೆಣಸಿನಕಾಯಿ. ಶಿರಾಜ್‌ನಲ್ಲಿ ಕರಿಮೆಣಸು ಸ್ಪಷ್ಟವಾಗಿತ್ತು. ಲಾ ರಿಸರ್ವ್ ಇವರ ಹೆಸರುವಾಸಿ ಕೆಂಪು ವೈನ್. ಫ್ರಾನ್ಸಿನ ಬೋರ್ಡೋದ ವೈನ್ ತಜ್ಞ ಮಿಶೆಲ್ ರೋಲಾಂಡ್ 1990ರ ದಶಕದಿಂದ ಇವರಿಗೆ ಸಲಹೆ ಕೊಟ್ಟವರು. ಲಾ ರಿಸರ್ವ್‌ನ ಒಗರು ನಾಲಿಗೆ ಮೇಲೆ ತುಂಬಾ ಹೊತ್ತು ಉಳಿಯಿತು.

ಊಟಕ್ಕೆ ನಾವು ಅಲ್ಲಿ ಕೂರಲಿಲ್ಲ. ಬಾಟಲಿಗಳನ್ನು ಕೊಂಡು ಗೆಳೆಯನ ಊರಿಗೆ ಹೋದೆವು. ವೈನ್ ಅಂದ ಕೂಡಲೇ ಚೀಸು, ಪಾಸ್ತಾ ಅನ್ನುವುದು ರೂಢಿಯಾಗಿಬಿಟ್ಟಿದೆ. ಇದೇ ಮಣ್ಣಲ್ಲಿ ರಾಗಿ, ಅವರೆ, ಹುರುಳಿ ಬೆಳೆಯುತ್ತದೆ. ಅವುಗಳ ಪಕ್ಕ ಈ ವೈನನ್ನು ಇಟ್ಟು ನೋಡದಿದ್ದರೆ ಹೇಗೆ?

ಗೆಳೆಯನ ಮನೆಯವರದು ಬೆಂಗಳೂರು ನೀಲಿ ದ್ರಾಕ್ಷಿಯ ತೋಟ. ಬೆಂಗಳೂರಿನ ಸುತ್ತಮುತ್ತ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವ, ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಹಣ್ಣು. ಒತ್ತಿದರೆ ಸಿಪ್ಪೆ ಜಾರಿ ತಿರುಳು ಬಾಯೊಳಗೆ ಹಾರುತ್ತದೆ. ಅದರ ಘಮ ಕೈಯಲ್ಲಿ ಸಂಜೆವರೆಗೂ ಇರುತ್ತದೆ. ಫ್ರೆಂಚ್ ತಳಿಗಳಿಗೆ ಆ ಘಮ ಇಲ್ಲವೇ ಇಲ್ಲ. ನೀಲಿ ದ್ರಾಕ್ಷಿ ಹೆಚ್ಚಾಗಿ ಜ್ಯೂಸು, ಜಾಮು ಮತ್ತು ಸಿಹಿ ವೈನಿಗೆ ಹೋಗುತ್ತದೆ. ಈ ತಳಿಯಿಂದ ಯಾರಾದರೂ ಅಕ್ಕರೆಯಿಂದ ಒಂದು ಒಳ್ಳೆಯ ಊಟದ ವೈನ್ ಮಾಡಲಿ ಅನ್ನುವುದು ನನ್ನ ಆಸೆ.

ಗೆಳೆಯನ ಅಮ್ಮ ಮುದ್ದೆ, ಹಿದುಕವರೆ ಬೇಳೆ ಸಾರು, ನಾಟಿಕೋಳಿ ಸಾರು ಮಾಡಿದ್ದರು. ಅವರೆಕಾಯಿ ಸೀಸನ್ ಇನ್ನೂ ಮುಗಿದಿರಲಿಲ್ಲ. ಕೋಳಿ ಸಾರಿನ ಜೊತೆ ಮೊದಲು ಲಾ ರಿಸರ್ವ್ ಕುಡಿದೆವು. ಖಾರ ಇನ್ನೂ ಏರಿತು, ಒಗರು ಕಹಿಯಾಯಿತು. ಖಾರದ ಊಟಕ್ಕೆ ಒಗರಿನ ವೈನ್ ಸೇರುವುದಿಲ್ಲ. ಆಮೇಲೆ ತಣ್ಣಗಿದ್ದ ಶೆನಿನ್ ಬ್ಲಾಂಕ್ ಅನ್ನುವ ಬಿಳಿ ವೈನ್ ತೆಗೆದೆವು. ಅದರ ಹುಳಿ, ಒಂಚೂರು ಸಿಹಿ ಎರಡೂ ಖಾರವನ್ನು ಹಿಡಿದು ಕೂರಿಸಿದವು. ಎಲ್ಲಕ್ಕಿಂತ ಚೆನ್ನಾಗಿ ಹೊಂದಿದ್ದು ಹಿದುಕವರೆ ಸಾರಿಗೆ ಸೋವಿನ್ಯೋನ್ ಬ್ಲಾಂಕ್. ಅವರೆಯ ಸೊಗಡಿನ ಜೊತೆ ಆ ಹಸಿರು ವಾಸನೆ ಸೇರಿ ಎರಡರ ರುಚಿಯೂ ಹೆಚ್ಚಿತು. ಗೆಳೆಯನ ಅಪ್ಪ ಒಂದು ಗುಟುಕು ಕುಡಿದು, 'ಸುಮ್ನೆ ಕುಡಿದ್ರೆ ಹುಳಿ ಕಣಪ್ಪ, ಸಾರಿನ ಜೊತೆ ಚೆನ್ನಾಗೈತೆ' ಅಂದರು. ಅಮ್ಮ ಮೂಸಿ ನೋಡಿ ನಕ್ಕು, ಎಲ್ಲರಿಗೂ ಇನ್ನೊಂದು ಮುದ್ದೆ ಬಡಿಸಿದರು.

ನೀವು ಹೋಗುವುದಾದರೆ ಫೆಬ್ರವರಿ, ಮಾರ್ಚ್ ಒಳ್ಳೆಯದು. ಟೂರಿಗೆ ಮುಂಚೆಯೇ ಬುಕ್ ಮಾಡಿ, ಬಿಸಿಲೇರುವ ಮೊದಲೇ ತೋಟ ಸುತ್ತಿ. ಗಾಡಿ ಓಡಿಸುವವರು ಒಂದು ಗುಟುಕೂ ಕುಡಿಯಬಾರದು. ನಮ್ಮಲ್ಲಿ ಆ ಕೆಲಸ ಹೆಂಡತಿಯದಾಗಿತ್ತು. ಅವಳು ಮೂಸಿದಳು ಅಷ್ಟೇ, ಅವಳ ಪಾಲಿನ ಬಾಟಲಿ ಮನೆಗೆ ಬಂತು.